ಗಂಟಿನೊಳಗಿನ ಚಿತ್ರ

ಸುಮಾತ್ರ ದ್ವೀಪದ ಉತ್ತರ ಭಾಗದಲ್ಲಿ, ಬೆಟ್ಟಗಳ ನಡುವೆ, ತೋಬಾ ಎಂಬ ವಿಶಾಲವಾದ ಸರೋವರವಿದೆ. ಅದರ ಸುತ್ತಮುತ್ತಲಿನ ಎತ್ತರದ ಪ್ರದೇಶದಲ್ಲಿ ಬಾತಕ್ ಎಂಬ ಜನ ಶತಮಾನಗಳಿಂದ ನೆಲೆಸಿದ್ದಾರೆ. ಮನುಷ್ಯನಿಗೆ ಬೆಚ್ಚನೆಯ ಆಸರೆಯನ್ನು ನೀಡುವ ವಸ್ತುಗಳು ಮೂರು ಎಂದು ಅವರ ಹಿರಿಯರು ಹೇಳುತ್ತ ಬಂದಿದ್ದಾರೆ. ಮೊದಲನೆಯದು ಸೂರ್ಯ, ಎರಡನೆಯದು ಬೆಂಕಿ, ಮೂರನೆಯದು ಉಲೋಸ್. ಸೂರ್ಯನು ಸಂಜೆಗೆ ಮುಳುಗುತ್ತಾನೆ. ಬೆಂಕಿಯನ್ನು ಹೆಗಲ ಮೇಲೆ ಹೊತ್ತು ತಿರುಗುವಂತಿಲ್ಲ. ಇವೆರಡೂ ಇಲ್ಲದ ಹೊತ್ತಿನಲ್ಲಿ ಒದಗಿ ಬರುವುದು ಉಲೋಸ್. ಅದು ಕೈಯಿಂದ ನೇಯ್ದ, ಉದ್ದನೆಯ, ಹೆಗಲ ಮೇಲೆ ಹೊದೆಯುವ ಒಂದು ಬಟ್ಟೆ.

ಇಷ್ಟೇ ಆಗಿದ್ದರೆ ಅದನ್ನು ಕಂಬಳಿಯೆಂದು ಕರೆದು ಸುಮ್ಮನಾಗಬಹುದಿತ್ತು. ಆದರೆ ಬಾತಕರು ಉಲೋಸಿನಿಂದ ಬಯಸುವ ಬೆಚ್ಚನೆ ಮೈಗೆ ಮಾತ್ರ ಸಂಬಂಧಿಸಿದ್ದಲ್ಲ. ಪ್ರತಿಯೊಬ್ಬನಲ್ಲಿಯೂ 'ತೊಂಡಿ' ಎಂಬ ಜೀವಚೈತನ್ಯವಿದೆ. ಅದು ಸುಖದಲ್ಲಿ ಗಟ್ಟಿಯಾಗುತ್ತದೆ, ಆಘಾತದಲ್ಲಿ ಕುಂದುತ್ತದೆ. ಅದಕ್ಕೂ ಹೊದಿಕೆ ಬೇಕು ಎಂಬುದು ಅವರ ಹಳೆಯ ನಂಬಿಕೆ. ಆದುದರಿಂದ ಉಲೋಸನ್ನು ಯಾರೂ ತಮಗೆ ತಾವೇ ಹೊದ್ದುಕೊಂಡು ತೃಪ್ತರಾಗುವುದಿಲ್ಲ. ಅದನ್ನು ಮತ್ತೊಬ್ಬರು ಹೊದಿಸಬೇಕು. ಹೊದಿಸುವ ಆ ಕಾರ್ಯಕ್ಕೆ ಅವರ ಭಾಷೆಯಲ್ಲಿ 'ಮಂಗುಲೋಸಿ' ಎಂಬ ಪ್ರತ್ಯೇಕವಾದ ಹೆಸರೇ ಇದೆ.

ಹೊದಿಸುವುದಕ್ಕೂ ಒಂದು ಕ್ರಮವಿದೆ. ಹಿರಿಯರು ಕಿರಿಯರಿಗೆ ಹೊದಿಸುತ್ತಾರೆ. ಕಿರಿಯರು ಹಿರಿಯರಿಗೆ ಹೊದಿಸುವಂತಿಲ್ಲ. ಹೆಣ್ಣು ಕೊಟ್ಟ ಮನೆಯವರು ಹೆಣ್ಣು ತಂದುಕೊಂಡ ಮನೆಯವರಿಗೆ ಹೊದಿಸುತ್ತಾರೆ. ಅದಕ್ಕೆ ಪ್ರತಿಯಾಗಿ ಆ ಕಡೆಯಿಂದ ಹಣ, ಮಾಂಸ ಮುಂತಾದವು ಬರುತ್ತವೆಯೇ ಹೊರತು ಬಟ್ಟೆ ಹಿಂದಿರುಗಿ ಬರುವುದಿಲ್ಲ. ನೀರು ಇಳಿಜಾರಿನತ್ತ ಹರಿಯುವಂತೆ ಉಲೋಸ್ ಒಂದೇ ದಿಕ್ಕಿಗೆ ಹರಿಯುತ್ತದೆ. ಮದುವೆಯ ದಿನ ವಧೂವರರಿಬ್ಬರನ್ನೂ ಒಂದೇ ಉಲೋಸಿನಲ್ಲಿ ಸುತ್ತುತ್ತಾರೆ. ಮಗಳು ಚೊಚ್ಚಲ ಬಸುರಿಯಾಗಿ ಏಳನೆಯ ತಿಂಗಳು ಬಂದಾಗ ತವರಿನವರು ಅವಳಿಗೆ 'ಚೈತನ್ಯದ ಉಲೋಸ್' ಹೊದಿಸುತ್ತಾರೆ. ಅದಕ್ಕೆ ಬಳಸುವ ಬಟ್ಟೆಗಳಲ್ಲಿ ಶ್ರೇಷ್ಠವಾದದ್ದು 'ರಾಗಿದುಪ್'. ಬಾಳಿನ ಚಿತ್ತಾರ ಎಂದು ಆ ಹೆಸರಿನ ಅರ್ಥ. ಅದರ ಎರಡು ತುದಿಗಳಲ್ಲಿ ಒಂದು ಗಂಡು, ಇನ್ನೊಂದು ಹೆಣ್ಣು. ಹಿಂದಿನ ಕಾಲದಲ್ಲಿ ಅದರ ಚಿತ್ತಾರವನ್ನು ಓದಿ ಆ ಮನೆತನದ ಮುಂದಿನ ಭಾಗ್ಯವನ್ನು ಹೇಳಬಲ್ಲವರು ಇದ್ದರು. ಈ ತುದಿಗಳನ್ನು ನೇಯುವಾಗ ಒಡಲಿನ ಕಪ್ಪು ಹಾಸನ್ನು ಬಿಟ್ಟು ಬಿಳಿಯ ಹಾಸನ್ನು ಸೇರಿಸಿಕೊಳ್ಳಬೇಕು. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವುದನ್ನು ಕಂಡವರಿಗೆ ಈ ಕೆಲಸ ಎಷ್ಟು ತಾಳ್ಮೆಯನ್ನು ಬೇಡುತ್ತದೆಂಬುದನ್ನು ವಿವರಿಸಬೇಕಾಗಿಲ್ಲ.

ಗಂಡನನ್ನು ಕಳೆದುಕೊಂಡ ಹೆಂಗಸಿನ ತಲೆಯ ಮೇಲೆಯೂ ಬಾತಕರು ಉಲೋಸ್ ಹೊದಿಸುತ್ತಾರೆ. ದುಃಖದ ದಿನಗಳು ಮುಗಿದವೆಂದು ತೋರಿದಾಗ ಬಂಧುಗಳೇ ಬಂದು ಅದನ್ನು ತೆಗೆಯುತ್ತಾರೆ. ಮುಖ ಮರೆಸಿಕೊಳ್ಳಲು ಒಂದು ಬಟ್ಟೆಯನ್ನು ಕೊಟ್ಟು, ಮತ್ತೆ ಮುಖವೆತ್ತಿ ನೋಡೆಂದು ಅದೇ ಬಟ್ಟೆಯನ್ನು ಸರಿಸುವ ಈ ಪದ್ಧತಿಯಲ್ಲಿರುವ ಅಂತಃಕರಣವನ್ನು ಎಷ್ಟು ಮಾತುಗಳಿಂದಲೂ ತೋರಲಾಗದು.

ಆಗ್ನೇಯ ಏಷ್ಯದ ನಾಡುಗಳಲ್ಲಿ ಬಟ್ಟೆಯ ಬಗ್ಗೆ ಇರುವ ಭಾವನೆಯನ್ನು ಅರಿಯಲು ಉಲೋಸ್ ಒಂದು ಬಾಗಿಲು. ಇಂಡೋನೇಷ್ಯ, ಮಲೇಷ್ಯ, ಥಾಯ್ಲೆಂಡ್, ಲಾವೋಸ್, ಕಾಂಬೋಡಿಯ, ಮ್ಯಾನ್ಮಾರ್, ಫಿಲಿಪ್ಪೀನ್ಸ್ ಈ ನಾಡುಗಳ ಜನರ ಭಾಷೆ ಬೇರೆ, ಧರ್ಮ ಬೇರೆ, ಆಹಾರ ಕೂಡ ಎಷ್ಟೋ ಕಡೆ ಬೇರೆ. ಆದರೂ ಬಟ್ಟೆ ಎಂಬುದು ಮನುಷ್ಯರನ್ನು ಮನುಷ್ಯರಿಗೆ ಕಟ್ಟುವ ಸಾಧನ ಎಂಬ ವಿಚಾರ ಅಲ್ಲೆಲ್ಲ ಹಾಸುಹೊಕ್ಕಾಗಿದೆ. ಮಲಯ ಹಾಗೂ ಇಂಡೋನೇಷ್ಯದ ಭಾಷೆಗಳಲ್ಲಿ 'ಇಕಾತ್' ಎಂದರೆ ಕಟ್ಟು, ಬಿಗಿ ಎಂದು ಅರ್ಥ. ಅದೇ ಧಾತುವಿನಿಂದ ಬಂದ 'ಇಕಾತನ್' ಎಂಬ ಮಾತು ಜನರ ನಡುವಣ ಬಂಧವನ್ನೂ ಸೂಚಿಸುತ್ತದೆ. ಇಕಾತ್ ಎಂಬುದು ಒಂದು ಬಗೆಯ ನೆಯ್ಗೆಗೂ ಹೆಸರಾಗಿ ಇಂದು ಲೋಕದಲ್ಲೆಲ್ಲ ಬಳಕೆಗೆ ಬಂದಿದೆ.

ಸಾಮಾನ್ಯವಾಗಿ ಬಟ್ಟೆಯ ಮೇಲೆ ಚಿತ್ರ ಮೂಡುವುದು ನೇಯುವಾಗ, ಇಲ್ಲವೇ ನೇಯ್ದು ಮುಗಿದ ಮೇಲೆ. ಇಕಾತಿನಲ್ಲಿ ಹಾಗಲ್ಲ. ಬಟ್ಟೆ ಹುಟ್ಟುವುದಕ್ಕೆ ಮುಂಚೆಯೇ ಚಿತ್ರ ನೂಲಿನೊಳಗೆ ಸೇರಿರುತ್ತದೆ. ನೂಲನ್ನು ಒಂದು ಚೌಕಟ್ಟಿಗೆ ಎಳೆದು ಕಟ್ಟಿ, ಬಣ್ಣ ತಗಲಬಾರದ ಕಡೆಗಳಲ್ಲಿ ನಾರಿನಿಂದ ಬಿಗಿಯಾಗಿ ಗಂಟು ಹಾಕುತ್ತಾರೆ. ಬಳಿಕ ಇಡೀ ನೂಲನ್ನು ಬಣ್ಣದಲ್ಲಿ ಅದ್ದುತ್ತಾರೆ. ಗಂಟಿನೊಳಗೆ ಅಡಗಿದ ನೂಲು ಬೆಳ್ಳಗೆ ಉಳಿಯುತ್ತದೆ. ಉಳಿದದ್ದು ಬಣ್ಣ ಕುಡಿಯುತ್ತದೆ. ಎರಡನೆಯ ಬಣ್ಣ ಬೇಕಾದರೆ ಕೆಲವು ಗಂಟುಗಳನ್ನು ಬಿಚ್ಚಿ, ಬೇರೆ ಕಡೆ ಹೊಸ ಗಂಟುಗಳನ್ನು ಹಾಕಿ, ಮತ್ತೆ ಅದ್ದಬೇಕು. ಹೀಗೆ ಸಾವಿರಾರು ಗಂಟುಗಳ ಬಳಿಕ ನೂಲನ್ನು ಮಗ್ಗಕ್ಕೆ ಏರಿಸಿ ನೇಯ್ದಾಗ ಚಿತ್ರ ತಾನಾಗಿ ಎದ್ದುಬರುತ್ತದೆ. ಅದರ ಅಂಚುಗಳು ನೀರಿನಲ್ಲಿ ಕಂಡ ಪ್ರತಿಬಿಂಬದಂತೆ ತುಸು ಕದಡಿರುತ್ತವೆ. ಆ ಕದಡಿಕೆಯೇ ಇಕಾತಿನ ಸೊಗಸು. ಗಂಟು ಹಾಕುವಾಕೆಯ ಮುಂದೆ ಬಹುಪಾಲು ಕಡೆಗಳಲ್ಲಿ ಯಾವ ನಕ್ಷೆಯೂ ಇರುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಚಿತ್ರವಿರುವುದು ಅವಳ ನೆನಪಿನಲ್ಲಿ. ನೆನಪಿಗಿಂತ ಹೆಚ್ಚಾಗಿ ಬೆರಳುಗಳಲ್ಲಿ.

ಹಾಸು ಅಥವಾ ಹೊಕ್ಕು, ಎರಡರಲ್ಲಿ ಒಂದನ್ನು ಮಾತ್ರ ಹೀಗೆ ಕಟ್ಟಿ ಬಣ್ಣ ಹಾಕುವುದು ಸಾಮಾನ್ಯ ಪದ್ಧತಿ. ಎರಡನ್ನೂ ಕಟ್ಟಿ ಬಣ್ಣ ಹಾಕಿ, ನೇಯುವಾಗ ಒಂದರ ಚಿತ್ರ ಇನ್ನೊಂದರ ಚಿತ್ರದ ಮೇಲೆ ಸರಿಯಾಗಿ ಕೂರುವಂತೆ ಮಾಡುವುದು ಅತಿ ಕಷ್ಟದ ವಿದ್ಯೆ. ಜಗತ್ತಿನಲ್ಲಿ ಈ ವಿದ್ಯೆ ಪರಂಪರೆಯಾಗಿ ಉಳಿದಿರುವುದು ಭಾರತ, ಜಪಾನ್, ಇಂಡೋನೇಷ್ಯ ಈ ಮೂರು ದೇಶಗಳಲ್ಲಿ. ಇಂಡೋನೇಷ್ಯದಲ್ಲಿ ಅದು ನೆಲೆಸಿರುವುದು ಬಾಲಿ ದ್ವೀಪದ ಪೂರ್ವ ಭಾಗದಲ್ಲಿರುವ ತೆಂಗನಾನ್ ಎಂಬ ಒಂದು ಹಳ್ಳಿಯಲ್ಲಿ.

ತೆಂಗನಾನಿನ ಜನ ತಮ್ಮನ್ನು ಇಂದ್ರನ ಕಡೆಯವರೆಂದು ಭಾವಿಸುತ್ತಾರೆ. ಇರುಳಿನ ಆಕಾಶದಲ್ಲಿ ಚಂದ್ರ ನಕ್ಷತ್ರಗಳ ಸೊಬಗನ್ನು ಕಂಡು ಮೆಚ್ಚಿದ ಇಂದ್ರನು ಆ ಚಿತ್ತಾರವನ್ನು ತಮ್ಮ ಹೆಂಗಸರಿಗೆ ಕಲಿಸಿದನೆಂದು ಅವರು ಕಥೆ ಹೇಳುತ್ತಾರೆ. ಅವರು ನೇಯುವ ಬಟ್ಟೆಯ ಹೆಸರು 'ಗೆರಿಂಗ್‌ಸಿಂಗ್'. 'ಗೆರಿಂಗ್' ಎಂದರೆ ರೋಗ, 'ಸಿಂಗ್' ಎಂದರೆ ಇಲ್ಲ. ರೋಗವನ್ನು ಹತ್ತಿರ ಸುಳಿಯಗೊಡದ ಬಟ್ಟೆ ಎಂದು ಹೆಸರಿನಲ್ಲಿಯೇ ಅದರ ಕೆಲಸವನ್ನು ಹೇಳಿಬಿಟ್ಟಿದ್ದಾರೆ.

ಈ ಬಟ್ಟೆಯಲ್ಲಿ ಹೆಚ್ಚು ಬಣ್ಣಗಳಿಲ್ಲ. ನಸುಹಳದಿ, ಕೆಂಪು, ಕಪ್ಪಿಗೆ ತಿರುಗಿದ ಕಂದು, ಇಷ್ಟೇ. ಆದರೆ ಈ ಮೂರಕ್ಕಾಗಿ ಅವರು ಪಡುವ ಪರಿಶ್ರಮ ದೊಡ್ಡದು. ಹತ್ತಿಯ ನೂಲನ್ನು ಮೊದಲು ಕೆಮಿರಿ ಎಂಬ ಕಾಯಿಯ ಎಣ್ಣೆ ಮತ್ತು ಬೂದಿಯ ತಿಳಿನೀರು ಬೆರೆಸಿದ ದ್ರವದಲ್ಲಿ ಒಂದು ತಿಂಗಳಿಗೂ ಮಿಕ್ಕಿ ನೆನೆಹಾಕುತ್ತಾರೆ. ನಸುಹಳದಿ ಬರುವುದು ಇದರಿಂದಲೇ. ನೀಲಿಯನ್ನು ತಮ್ಮ ಊರಿನಲ್ಲಿ ಕಾಯಿಸುವುದು ಅವರ ಪದ್ಧತಿಗೆ ನಿಷಿದ್ಧ. ಆದುದರಿಂದ ಕಟ್ಟಿದ ನೂಲನ್ನು ನೆರೆಯ ಬುಗ್‌ಬುಗ್ ಎಂಬ ಹಳ್ಳಿಗೆ ಒಯ್ದು ಅಲ್ಲಿ ನೀಲಿ ಹಾಕಿಸಿ ತರುತ್ತಾರೆ. ಕೆಂಪು ಬಣ್ಣ, ಇತ್ತೀಚೆಗೆ ನಮ್ಮಲ್ಲಿಯೂ ನೋನಿ ಎಂಬ ಹೆಸರಿನಿಂದ ಪರಿಚಿತವಾಗಿರುವ ಮರದ ಬೇರಿನ ತೊಗಟೆಯಿಂದ ಬರುತ್ತದೆ. ಅದು ನೂಲನ್ನು ಕಚ್ಚಿ ಹಿಡಿಯುವಂತೆ ಮಾಡಲು ಬೇರೊಂದು ಮರದ ತೊಗಟೆಯನ್ನು ಸೇರಿಸಬೇಕು. ಒಮ್ಮೆ ಅದ್ದಿದರೆ ಬರುವುದು ಬರಿಯ ನಸುಗೆಂಪು. ಅದ್ದಿ, ಒಣಗಿಸಿ, ಕೆಲಕಾಲ ಹಾಗೆಯೇ ಬಿಟ್ಟು, ಮತ್ತೆ ಅದ್ದಬೇಕು. ನೀಲಿಯ ಮೇಲೆ ಕೆಂಪು ಕೂತಲ್ಲಿ ಕಪ್ಪುಗಂದು ಹುಟ್ಟುತ್ತದೆ. ಹೀಗೆ ಒಂದು ಒಳ್ಳೆಯ ಗೆರಿಂಗ್‌ಸಿಂಗ್ ಮುಗಿಯಲು ವರ್ಷಗಳೇ ಹಿಡಿಯುತ್ತವೆ. ಅವಸರಪಟ್ಟು ಕೆಂಪನ್ನು ಬೇಗ ತರಿಸಬಹುದು. ಅಂಥ ಕೆಂಪು ಬೇಗ ಹೋಗಿಬಿಡುತ್ತದೆ.

ನೇಯುವ ಮಗ್ಗ ಬಹಳ ಸರಳವಾದದ್ದು. ನೇಯುವಾಕೆ ನೆಲದ ಮೇಲೆ ಕಾಲು ಚಾಚಿ ಕೂರುತ್ತಾಳೆ. ಹಾಸಿನ ಒಂದು ತುದಿ ಮುಂದಿನ ಕಂಬಕ್ಕೆ, ಇನ್ನೊಂದು ತುದಿ ಅವಳ ಸೊಂಟದ ಹಿಂದೆ ಸುತ್ತಿದ ಪಟ್ಟಿಗೆ ಕಟ್ಟಿರುತ್ತದೆ. ಅವಳು ಹಿಂದಕ್ಕೆ ಒರಗಿದರೆ ಹಾಸು ಬಿಗಿಯಾಗುತ್ತದೆ, ಮುಂದಕ್ಕೆ ಬಾಗಿದರೆ ಸಡಿಲವಾಗುತ್ತದೆ. ಹೀಗಾಗಿ ಮಗ್ಗದ ಅರ್ಧ ಭಾಗ ಮರ, ಇನ್ನರ್ಧ ಭಾಗ ಹೆಂಗಸಿನ ಮೈ. ಕೆಲವು ಎಳೆ ನೇಯ್ದ ಬಳಿಕ ನಿಲ್ಲಿಸಿ, ಮೊನಚಾದ ಕಡ್ಡಿಯಿಂದ ಒಂದೊಂದೇ ಎಳೆಯನ್ನು ಸರಿಸಿ, ಹಾಸಿನ ಹೂವಿನ ಮೇಲೆ ಹೊಕ್ಕಿನ ಹೂವನ್ನು ಕೂರಿಸುತ್ತಾಳೆ. ಮಗ್ಗದಿಂದ ಇಳಿದಾಗ ಬಟ್ಟೆ ಬಳೆಯಂತೆ ದುಂಡಾಗಿರುತ್ತದೆ. ನೇಯದೆ ಬಿಟ್ಟ ಒಂದಿಷ್ಟು ಹಾಸು ಎರಡು ತುದಿಗಳನ್ನು ಕೂಡಿಸಿಕೊಂಡಿರುತ್ತದೆ. ಆ ಹಾಸನ್ನು ಕತ್ತರಿಸದ ಬಟ್ಟೆಗೆ ಪವಿತ್ರತೆ ಹೆಚ್ಚು. ಆದಿ ಅಂತ್ಯಗಳಿಲ್ಲದ ಬಟ್ಟೆಯಲ್ಲಿ ಕೆಡುಕು ನುಗ್ಗಲು ಸಂದು ಎಲ್ಲಿಯದು? ಮಗುವಿನ ಮೊದಲ ಕೂದಲು ತೆಗೆಯುವಾಗ, ಹರೆಯದವರ ಹಲ್ಲು ಅರೆಯುವ ಸಂಸ್ಕಾರದಲ್ಲಿ, ಮದುವೆಯಲ್ಲಿ, ಕೊನೆಗೆ ಸಾವಿನಲ್ಲಿ ಈ ಬಟ್ಟೆ ಬೇಕೇ ಬೇಕು.

ಬಾಲಿಯ ಈ ಬಟ್ಟೆಗೂ ಭಾರತಕ್ಕೂ ಇರುವ ನಂಟು ಸ್ವಾರಸ್ಯವಾದದ್ದು. ಗುಜರಾತಿನ ಪಾಟಣದಲ್ಲಿ ಸಾಳ್ವಿ ಮನೆತನದವರು ಹಾಸುಹೊಕ್ಕುಗಳೆರಡನ್ನೂ ಕಟ್ಟಿ ರೇಷ್ಮೆಯಲ್ಲಿ ಪಟೋಲ ಎಂಬ ಸೀರೆಯನ್ನು ನೇಯುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಕುಮಾರಪಾಲ ರಾಜನು ಇವರ ಪೂರ್ವಿಕರನ್ನು ದಖ್ಖಣದ ಜಾಲ್ನಾದಿಂದ ಕರೆಸಿಕೊಂಡನೆಂದು ಐತಿಹ್ಯವಿದೆ. ಈ ಪಟೋಲಗಳು ಕಡಲು ದಾಟಿ ಜಾವಾ, ಬಾಲಿ, ಸುಮಾತ್ರ, ಸುಲಾವೆಸಿ ಮುಂತಾದ ದ್ವೀಪಗಳಿಗೆ ಹೋದವು. ಲವಂಗ, ಜಾಯಿಕಾಯಿಗಳನ್ನು ಕೊಳ್ಳಲು ಬಂದ ವರ್ತಕರಿಗೆ ಒಂದು ಸಂಗತಿ ಬೇಗನೆ ತಿಳಿಯಿತು: ಅಲ್ಲಿಯ ಜನರಿಗೆ ನಾಣ್ಯಕ್ಕಿಂತ ಭಾರತದ ಬಟ್ಟೆಯೇ ಪ್ರಿಯ. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯವರು ಅಲ್ಲಿಯ ಅರಸರನ್ನು ಒಲಿಸಿಕೊಳ್ಳಲು ಪಟೋಲಗಳನ್ನು ಕಾಣಿಕೆಯಾಗಿ ಕೊಡುತ್ತಿದ್ದರು. ಪಾಟಣದ ನೇಕಾರನು ಸೀರೆಯೆಂದು ನೇಯ್ದದ್ದು ಅಲ್ಲಿ ಯಾರ ಮೈಗೂ ದಿನದ ಉಡುಗೆಯಾಗಲಿಲ್ಲ. ಅದನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟು, ಕುಲದ ನಿಧಿಯೆಂದು ಪೂಜಿಸಿ, ತಲೆಮಾರಿನಿಂದ ತಲೆಮಾರಿಗೆ ಒಪ್ಪಿಸಿದರು. ಸುಲಾವೆಸಿಯ ತೊರಾಜ ಜನರ ನಡುವೆ ಉಳಿದುಬಂದ ಕೆಲವು ಭಾರತೀಯ ಬಟ್ಟೆಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಅವು ಐನೂರು ವರ್ಷಗಳಿಗೂ ಹಿಂದಿನವೆಂದು ಕಂಡುಕೊಂಡಿದ್ದಾರೆ. ಅಷ್ಟು ಹಳೆಯ ಬಟ್ಟೆ ಹುಟ್ಟಿದ ನಾಡಿನಲ್ಲಿ ಸಿಗುವುದು ದುರ್ಲಭ. ತನ್ನ ಕೈಕೆಲಸ ಸಾವಿರಾರು ಹರದಾರಿಗಳಾಚೆ ದೇವರಾಗಿ ಕುಳಿತಿದೆಯೆಂಬುದು ಅದನ್ನು ಮಾಡಿದವನಿಗೆ ತಿಳಿದಿರಲಾರದು.

ಪಟೋಲದ ಎಂಟು ದಳಗಳ ಹೂವು ದ್ವೀಪದ ನೆಯ್ಗೆಗಳಿಗೆ ಇಳಿಯಿತು. ಜಾವಾದ ಬಾಟಿಕ್‌ಗೂ ಇಳಿಯಿತು. ಬಟ್ಟೆಯ ಜತೆಗೆ ಮಾತುಗಳೂ ಪಯಣಿಸಿದವು. ಹತ್ತಿಗೆ ಅಲ್ಲಿ 'ಕಪಾಸ್' ಎನ್ನುತ್ತಾರೆ; ರೇಷ್ಮೆಗೆ 'ಸುತೆರಾ' ಎನ್ನುತ್ತಾರೆ. ಕಾರ್ಪಾಸ, ಸೂತ್ರ ಎಂಬ ಸಂಸ್ಕೃತ ಮಾತುಗಳೇ ಅವು ಎಂದು ಗುರುತಿಸುವುದು ಕನ್ನಡ ವಿದ್ಯಾರ್ಥಿಗಳಿಗೆ ಕಷ್ಟವಲ್ಲ.

ಬೋರ್ನಿಯೋ ದ್ವೀಪದ ಸಾರವಾಕ್ ಪ್ರಾಂತ್ಯದಲ್ಲಿರುವ ಇಬಾನ್ ಜನರ ಬಟ್ಟೆಯ ಕಥೆ ಇನ್ನೂ ಗಂಭೀರವಾದದ್ದು. ಅವರು ನೇಯುವ ದೊಡ್ಡ ಹೊದಿಕೆಗೆ 'ಪುವಾ ಕುಂಬು' ಎಂದು ಹೆಸರು. ಇಬಾನರಲ್ಲಿ ಹಿಂದೆ ಯುದ್ಧವೇ ಗಂಡಸಿನ ಹಿರಿಮೆಯ ಅಳತೆಗೋಲಾಗಿತ್ತು. ಶತ್ರುವಿನ ತಲೆಯನ್ನು ತರುವ ಕ್ರೂರ ಪದ್ಧತಿಯೂ ಇತ್ತು. ಕಾಲಕ್ರಮದಲ್ಲಿ ಅದು ನಿಂತುಹೋಯಿತು. ನಿಂತದ್ದು ಒಳ್ಳೆಯದೇ ಆಯಿತು. ಆದರೆ ಆ ದಿನಗಳಲ್ಲಿಯೇ ಇಬಾನರು ಹೆಂಗಸಿನ ನೆಯ್ಗೆಯನ್ನು ಗಂಡಸಿನ ಯುದ್ಧಕ್ಕೆ ಸಮನಾಗಿ ಎಣಿಸಿದ್ದರು. ನೂಲನ್ನು ಬಣ್ಣಕ್ಕೆ ಸಿದ್ಧಗೊಳಿಸುವ ಕ್ರಿಯೆಗೆ ಅವರು ಇಟ್ಟ ಹೆಸರು 'ಕಯಾವ್ ಇಂದು', ಎಂದರೆ ಹೆಂಗಸರ ದಂಡಯಾತ್ರೆ. ಇದು ಅತಿಶಯೋಕ್ತಿಯಲ್ಲ. ಶುಂಠಿ, ಉಪ್ಪು, ಕಾಡಿನ ಕಾಯಿಗಳ ಎಣ್ಣೆ ಇವುಗಳ ಪ್ರಮಾಣ ತುಸು ತಪ್ಪಿದರೂ ಕೆಂಪು ಬಣ್ಣ ನೂಲಿಗೆ ಹಿಡಿಯುವುದಿಲ್ಲ. ಆ ಪ್ರಮಾಣವನ್ನು ಅರಿತ ಹೆಂಗಸರು ಹಳ್ಳಿಗೆ ಒಬ್ಬರೋ ಇಬ್ಬರೋ ಇರುತ್ತಿದ್ದರು. ಅಂಥವಳಿಗೆ ವೀರನಿಗೆ ಸಲ್ಲುವ ಮರ್ಯಾದೆಯೇ ಸಲ್ಲುತ್ತಿತ್ತು.

ಇಬಾನ್ ಹುಡುಗಿ ತನಗೆ ಇಷ್ಟವಾದ ಚಿತ್ತಾರವನ್ನು ಮನಬಂದಂತೆ ನೇಯುವಂತಿರಲಿಲ್ಲ. ಮೊದಲು ಸರಳವಾದವು, ವರ್ಷಗಳು ಕಳೆದಂತೆ ಕಠಿನವಾದವು. ಮೊಸಳೆ, ಹಾವು, ದೇವತೆಗಳು ಬರುವ ಬಲವಾದ ಚಿತ್ತಾರಗಳನ್ನು ಅನುಭವವಿಲ್ಲದವಳು ಮುಟ್ಟಿದರೆ ಕಾಯಿಲೆ ಬೀಳುತ್ತಾಳೆಂಬ ಭಯವಿತ್ತು. ಹೊಸ ಚಿತ್ತಾರ ಕನಸಿನಲ್ಲಿ ಬರಬೇಕು. ದೇವತೆ ಬಂದು ತೋರಿಸಿದಳೆಂದಾದರೆ ಮಾತ್ರ ಅದನ್ನು ನೇಯಬಹುದು. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರು ಒಂದು ಕ್ಷಣ ಯೋಚಿಸಬೇಕು. ಕಲಿಕೆಗೆ ಮೆಟ್ಟಿಲುಗಳಿವೆ, ಹಾರಿ ಹೋಗುವವನು ಬೀಳುತ್ತಾನೆ ಎಂಬ ಮಾತನ್ನು ಬರಹವಿಲ್ಲದ ಸಮಾಜ ಇದಕ್ಕಿಂತ ಬೇರೆ ಯಾವ ರೀತಿಯಲ್ಲಿ ಹೇಳಬಹುದಿತ್ತು? ಹುಟ್ಟಿದ ಮಗುವಿನ ಮೊದಲ ಸ್ನಾನಕ್ಕೆ ಒಯ್ಯುವಾಗ ಅದನ್ನು ಪುವಾದಲ್ಲಿ ಸುತ್ತುತ್ತಿದ್ದರು. ಸತ್ತವರನ್ನು ಮಲಗಿಸಿದ ಸ್ಥಳಕ್ಕೂ ಪುವಾಗಳನ್ನೇ ಮರೆಯಾಗಿ ಕಟ್ಟುತ್ತಿದ್ದರು. ಬಟ್ಟೆಯಿಂದ ಬಟ್ಟೆಗೆ ಸಾಗುವುದೇ ಬಾಳು ಎನ್ನುವಂತೆ.

ಜಾವಾದ ಬಾಟಿಕ್ ಇವೆಲ್ಲಕ್ಕಿಂತ ಹೆಚ್ಚು ಪ್ರಸಿದ್ಧವಾದುದರಿಂದ ಅದರ ಬಗ್ಗೆ ದೀರ್ಘವಾಗಿ ಹೇಳಬೇಕಾಗಿಲ್ಲ. ಅಲ್ಲಿ ಗಂಟಿನ ಕೆಲಸವನ್ನು ಮೇಣ ಮಾಡುತ್ತದೆ. 'ಚಂತಿಂಗ್' ಎಂಬ ತಾಮ್ರದ ಪುಟ್ಟ ಗಿಂಡಿಯ ಮೂತಿಯಿಂದ ಕಾದ ಮೇಣವನ್ನು ಬಟ್ಟೆಯ ಮೇಲೆ ಎಳೆಯುತ್ತ ಚಿತ್ರ ಬರೆಯುತ್ತಾರೆ. ಮೇಣವಿದ್ದಲ್ಲಿ ಬಣ್ಣ ಹತ್ತುವುದಿಲ್ಲ. ಹದಿನೆಂಟನೆಯ ಶತಮಾನದ ಅರಸರು 'ಪರಂಗ್ ರುಸಕ್' ಎಂಬ ಓರೆಪಟ್ಟೆಯ ಚಿತ್ತಾರವನ್ನು ರಾಜಮನೆತನಕ್ಕೆ ಮೀಸಲಿಟ್ಟು, ಉಳಿದವರು ಉಡಬಾರದೆಂದು ಆಜ್ಞೆ ಮಾಡಿದ್ದರು. ಅರಸರ ಚಿತ್ತಾರಕ್ಕಿಂತ ಮನಸ್ಸಿಗೆ ಹಿಡಿಸುವುದು 'ತ್ರುಂತುಮ್'. ಗಂಡನಾದ ಅರಸನ ಅನಾದರಕ್ಕೆ ಗುರಿಯಾದ ಸುರಕರ್ತದ ರಾಣಿಯೊಬ್ಬಳು ಬೇಸರ ಕಳೆಯಲು ಕಪ್ಪು ನೆಲದ ಮೇಲೆ ನಕ್ಷತ್ರದಂತಹ ಸಣ್ಣ ಹೂಗಳನ್ನು ಬರೆಯುತ್ತ ಕುಳಿತಳಂತೆ. ದಿನವೂ ಆ ಕೆಲಸ ನೋಡಲು ಬರತೊಡಗಿದ ಅರಸನ ಮನಸ್ಸಿನಲ್ಲಿ ಪ್ರೀತಿ ಮತ್ತೆ ಚಿಗುರಿತಂತೆ. ಇಂದಿಗೂ ಜಾವಾದಲ್ಲಿ ಮದುವೆಯ ದಿನ ವಧೂವರರ ತಂದೆತಾಯಿಗಳು ಉಡುವುದು ತ್ರುಂತುಮ್ ಬಾಟಿಕನ್ನು.

ಹತ್ತೊಂಬತ್ತನೆಯ ಶತಮಾನದಲ್ಲಿ ಹಾಲೆಂಡಿನ ಗಿರಣಿಗಳು ಬಾಟಿಕ್ಕನ್ನು ಯಂತ್ರದಿಂದ ಅನುಕರಿಸಿ ಜಾವಾಕ್ಕೆ ಅಗ್ಗದ ಬೆಲೆಗೆ ಕಳುಹಿಸಿದವು. ಜಾವಾದ ಜನ ಅದಕ್ಕೆ ಮನಸೋಲಲಿಲ್ಲ. ಆದರೆ ಅಂಥದೇ ಬಟ್ಟೆ ಪಶ್ಚಿಮ ಆಫ್ರಿಕದ ಕರಾವಳಿಯಲ್ಲಿ ಬಹಳ ಮೆಚ್ಚಿಕೆ ಗಳಿಸಿತು; ಅಲ್ಲಿಯ ಹೆಂಗಸರು ಅದಕ್ಕೆ ತಮ್ಮವೇ ಆದ ಹೆಸರುಗಳನ್ನಿಟ್ಟು ತಮ್ಮದನ್ನಾಗಿ ಮಾಡಿಕೊಂಡರು. ಬಟ್ಟೆಯ ಹಾದಿಯನ್ನು ವರ್ತಕರು ನಿರ್ಧರಿಸಲಾರರು ಎಂಬುದಕ್ಕೆ ಇದೊಂದು ವಿನೋದದ ನಿದರ್ಶನ. ೨೦೦೯ರ ಅಕ್ಟೋಬರ್ ೨ರಂದು ಯುನೆಸ್ಕೋ ಸಂಸ್ಥೆ ಇಂಡೋನೇಷ್ಯದ ಬಾಟಿಕನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೂ ಇಂದಿನ ಅಂಗಡಿಗಳಲ್ಲಿ ಬಾಟಿಕ್ ಎಂದು ಮಾರುವ ಬಟ್ಟೆಗಳಲ್ಲಿ ಎಷ್ಟೋ ಮೇಣದ ಮುಖವನ್ನೇ ಕಾಣದ ಅಚ್ಚುಬಟ್ಟೆಗಳು. ಬಟ್ಟೆಯನ್ನು ತಿರುವಿ ನೋಡಿದರೆ ನಿಜ ತಿಳಿಯುತ್ತದೆ. ಕೈಯಿಂದ ಮೇಣವೆಳೆದ ಬಟ್ಟೆಯ ಎರಡು ಮೈಯಲ್ಲಿಯೂ ಚಿತ್ರ ಸ್ಫುಟವಾಗಿರುತ್ತದೆ. ಅಚ್ಚು ಹಾಕಿದ್ದರ ಹಿಂಬದಿ ಮಂಕಾಗಿರುತ್ತದೆ.

ಇದನ್ನು ಕಂಡು ಅಚ್ಚುಬಟ್ಟೆ ಉಡುವವರನ್ನು ಹಳಿಯುವುದು ನ್ಯಾಯವಲ್ಲ. ತಿಂಗಳುಗಟ್ಟಲೆ ಕೈ ಸವೆಸಿದ ಬಟ್ಟೆಗೆ ತಕ್ಕ ಬೆಲೆ ಕೊಡಬಲ್ಲವರು ಎಷ್ಟು ಜನ? ತಕ್ಕ ಬೆಲೆ ಬಾರದಿದ್ದರೆ ಮೇಣ ಎಳೆಯುವಾಕೆ ಉಣ್ಣುವುದೇನನ್ನು? ಕಲೆ ಉಳಿಯಲಿ ಎಂದು ದೂರದಲ್ಲಿ ಕುಳಿತು ಹಾರೈಸುವುದಕ್ಕೆ ಖರ್ಚಿಲ್ಲ. ಮನೆಯ ಪೆಟ್ಟಿಗೆಯಲ್ಲಿದ್ದ ಅಜ್ಜಿಯ ಕಾಲದ ಬಟ್ಟೆಯನ್ನು ಪ್ರವಾಸಿಗನಿಗೆ ಮಾರಿ ಮಗನ ಶಾಲೆಯ ಶುಲ್ಕ ತೆರುವ ತಾಯಿಯನ್ನು ಯಾವ ವಸ್ತುಸಂಗ್ರಹಾಲಯವೂ ತಪ್ಪಿತಸ್ಥಳೆನ್ನಲಾರದು. ಹಾಗೆ ಮಾರಿದ ಬಟ್ಟೆಯ ಜಾಗದಲ್ಲಿ ಇನ್ನೊಂದನ್ನು ನೇಯಬಲ್ಲ ಕೈ ಮನೆಯಲ್ಲಿರುವ ತನಕ ಹೆಚ್ಚೇನೂ ಕಳೆದುಹೋಗಿಲ್ಲ. ಆ ಕೈಯೇ ಇಲ್ಲವಾದರೆ ಆಗುವುದೇನು ಎಂಬುದನ್ನು ಕಾಂಬೋಡಿಯ ದೇಶ ಕಂಡಿದೆ.

ದ್ವೀಪಗಳಿಂದ ಏಷ್ಯದ ಮುಖ್ಯ ಭೂಭಾಗಕ್ಕೆ ಬಂದರೆ ಬಟ್ಟೆಯ ಜತೆಗೆ ಬುದ್ಧನ ಸ್ಮರಣೆ ಬೆರೆಯುತ್ತದೆ. ಮ್ಯಾನ್ಮಾರಿನಲ್ಲಿ ಹೆಂಗಸರು ವರ್ಷಕ್ಕೊಮ್ಮೆ ಹುಣ್ಣಿಮೆಯ ಇರುಳಿಡೀ ನೇಯ್ದು, ಬೆಳಗಾಗುವುದರೊಳಗೆ ಚೀವರವನ್ನು ಮುಗಿಸಿ ಬುದ್ಧನಿಗೆ ಅರ್ಪಿಸುತ್ತಾರೆ. ಮಗನು ಭಿಕ್ಷುವಾದರೆ ಅವನ ಹಳದಿ ಬಟ್ಟೆಯ ಅಂಚನ್ನು ಹಿಡಿದು ತಂದೆತಾಯಿಗಳು ಸ್ವರ್ಗಕ್ಕೆ ಹೋಗುತ್ತಾರೆಂದು ಥಾಯ್ ಜನ ಹೇಳುತ್ತಾರೆ. ಕಾಂಬೋಡಿಯದಲ್ಲಿ ಹೊಕ್ಕನ್ನು ಕಟ್ಟಿ ಬಣ್ಣ ಹಾಕಿ ನೇಯುವ 'ಪಿದಾನ್' ಎಂಬ ರೇಷ್ಮೆಯ ಬಟ್ಟೆಯಲ್ಲಿ ದೇಗುಲಗಳು, ನಾಗಗಳು, ಬುದ್ಧನ ಜೀವನದ ಪ್ರಸಂಗಗಳು ಮೂಡುತ್ತಿದ್ದವು. ಅದನ್ನು ಉಡುತ್ತಿರಲಿಲ್ಲ, ಬುದ್ಧನ ವಿಗ್ರಹದ ಮೇಲೆ ಮೇಲ್ಕಟ್ಟಾಗಿ ಕಟ್ಟುತ್ತಿದ್ದರು. ಅಲ್ಲಿಯ ರೇಷ್ಮೆಹುಳು ಕಟ್ಟುವ ಗೂಡು ಹುಟ್ಟಿನಿಂದಲೇ ಹೊಂಬಣ್ಣದ್ದು.

೧೯೭೫ರ ಏಪ್ರಿಲ್ ತಿಂಗಳಲ್ಲಿ ಆ ದೇಶದ ಆಳ್ವಿಕೆ ಖ್ಮೇರ್ ರೂಜ್ ಎಂಬ ಪಕ್ಷದ ಕೈಗೆ ಸಿಕ್ಕಿತು. ನಗರಗಳು ಬರಿದಾದವು, ಜನರನ್ನು ಹೊಲಗಳಿಗೆ ಅಟ್ಟಿ ಬಲವಂತದಿಂದ ದುಡಿಸಿದರು. ಎಲ್ಲರೂ ಕಪ್ಪು ಬಟ್ಟೆಯನ್ನೇ ಉಡಬೇಕೆಂದು ವಿಧಿಸಿದರು. ಯಾವ ನಾಡಿನಲ್ಲಿ ಬಟ್ಟೆಯ ಚಿತ್ತಾರ ನೋಡಿ ಊರನ್ನೂ ಸಂದರ್ಭವನ್ನೂ ಊಹಿಸಬಹುದಾಗಿತ್ತೋ ಆ ನಾಡು ಒಂದೇ ಬಣ್ಣಕ್ಕೆ ಇಳಿಯಿತು. ೧೯೭೯ರ ಜನವರಿಯಲ್ಲಿ ಆ ಆಳ್ವಿಕೆ ಕೊನೆಗೊಳ್ಳುವ ಹೊತ್ತಿಗೆ ಹಸಿವು, ರೋಗ, ಕೊಲೆಗಳಿಂದ ೧೫ರಿಂದ ೨೦ ಲಕ್ಷ ಜನ ಸತ್ತಿದ್ದರು. ಸತ್ತವರಲ್ಲಿ ಎಷ್ಟೋ ಜನ ನೇಕಾರ ಹೆಂಗಸರು. ಹಿಪ್ಪುನೇರಳೆಯ ತೋಟಗಳು ಹಾಳುಬಿದ್ದವು. ನಕ್ಷೆಯನ್ನು ಕಾಗದದಲ್ಲಿ ಬರೆದಿಟ್ಟಿದ್ದರೆ ಕಾಗದವನ್ನಾದರೂ ಹುಡುಕಬಹುದಿತ್ತು. ಇಲ್ಲಿ ತಾಯಿಯ ಬೆರಳಿನಿಂದ ಮಗಳ ಬೆರಳಿಗೆ ಬರಬೇಕಾದದ್ದು ನಡುವಿನಲ್ಲಿಯೇ ಕಡಿದುಹೋಯಿತು.

ಇದನ್ನು ಮತ್ತೆ ಜೋಡಿಸಲು ಹೊರಟವರಲ್ಲಿ ಕಿಕುವೊ ಮೊರಿಮೊತೊ ಒಬ್ಬರು. ಜಪಾನಿನ ಕ್ಯೋಟೋ ನಗರದಲ್ಲಿ ಕಿಮೋನೋ ಬಟ್ಟೆಗೆ ಚಿತ್ರ ಬರೆಯುವ ಕುಶಲಕರ್ಮಿಯಾಗಿದ್ದ ಅವರು ೧೯೯೫ರಲ್ಲಿ ಯುನೆಸ್ಕೋದ ಪರವಾಗಿ ಕಾಂಬೋಡಿಯದ ನೇಕಾರಿಕೆಯ ಹಳ್ಳಿಗಳನ್ನು ಸುತ್ತಿದರು. ಆಗಿನ್ನೂ ಅಂತಃಕಲಹ ಪೂರ್ತಿಯಾಗಿ ಅಡಗಿರಲಿಲ್ಲ. ಹಳ್ಳಿಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರಂತೆ ಮುದುಕಿಯರು ಉಳಿದಿದ್ದರು. ಅವರು ನೇಯುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ೧೯೯೬ರಲ್ಲಿ ಮೊರಿಮೊತೊ ಖ್ಮೇರ್ ಸಾಂಪ್ರದಾಯಿಕ ಬಟ್ಟೆಗಳ ಸಂಸ್ಥೆಯನ್ನು ಸ್ಥಾಪಿಸಿದರು. ಮುಂದೆ ಅದು ಅಂಕೋರ್ ದೇಗುಲಗಳ ಸಮೀಪದ ಸಿಯೆಮ್ ರೀಪ್ ಎಂಬ ಊರಿಗೆ ಬಂತು. ಬಟ್ಟೆಯನ್ನು ಉಳಿಸಬೇಕಾದರ ಮೊದಲು ಗಿಡವನ್ನು ಉಳಿಸಬೇಕೆಂಬುದು ಅವರ ವಿಚಾರವಾಗಿತ್ತು. ಆದುದರಿಂದ ಬರಡು ಭೂಮಿಯನ್ನು ಪಡೆದು ಹಿಪ್ಪುನೇರಳೆ, ಹತ್ತಿ, ನೀಲಿ, ಬಣ್ಣಕ್ಕೆ ಬೇಕಾದ ಮರಗಳು, ಎಲ್ಲವನ್ನೂ ನೆಡಿಸಿದರು. ನೇಕಾರರ ಕುಟುಂಬಗಳು ಅಲ್ಲಿಯೇ ಬಂದು ನೆಲೆಸಿದವು. ಮೊರಿಮೊತೊ ೨೦೧೭ರಲ್ಲಿ ತೀರಿಕೊಂಡರು.

ಮುದುಕಿಯರಿಗೆ ನಕ್ಷೆಯನ್ನು ಬಾಯಲ್ಲಿ ವಿವರಿಸಿ ಹೇಳುವುದು ಕಷ್ಟವಾಗುತ್ತಿತ್ತು. ಹಳೆಯ ಬಟ್ಟೆಯ ಒಂದು ತುಂಡನ್ನೋ ಅದರ ಚಿತ್ರವನ್ನೋ ಮುಂದಿಟ್ಟು, ಚೌಕಟ್ಟಿಗೆ ನೂಲನ್ನು ಎಳೆದು ಕಟ್ಟಿ, ಕೈಗೆ ನಾರು ಕೊಟ್ಟರೆ ಮಾತ್ರ ಬೆರಳುಗಳು ತಾವಾಗಿ ಗಂಟು ಹಾಕತೊಡಗುತ್ತಿದ್ದವು. ಪಕ್ಕದಲ್ಲಿ ಕುಳಿತ ಹರೆಯದ ಹೆಂಗಸರು ಆ ಗಂಟುಗಳನ್ನು ಎಣಿಸಿ ಕಲಿತರು. ಅವರಲ್ಲಿ ಅನೇಕರು ಎಳೆಯ ಮಕ್ಕಳ ತಾಯಂದಿರು. ಮಕ್ಕಳನ್ನು ಕೆಲಸದ ಜಾಗಕ್ಕೆ ಕರೆತರಲು ಅಲ್ಲಿ ಯಾವ ಅಡ್ಡಿಯೂ ಇರಲಿಲ್ಲ. ಮಗ್ಗದ ಪಕ್ಕದಲ್ಲಿ ಕಟ್ಟಿದ ಬಟ್ಟೆಯ ಉಯ್ಯಾಲೆಯಲ್ಲಿ ಮಗು ಮಲಗಿರುತ್ತಿತ್ತು. ತಾಯಿ ಒಂದು ಕೈಯಿಂದ ಅದನ್ನು ತೂಗಿ, ಮತ್ತೆ ಲಾಳಿಯತ್ತ ತಿರುಗುತ್ತಿದ್ದಳು.